ಡಾಕರ್ ಡೆಸ್ಕ್‌ಟಾಪ್: 8 ಜಿಬಿಯಾಗೂ ನಡೀತದ, ಆದ್ರ ಕಡಿವಾಣ ಬೇಕು
ಡಾಕರ್ ಡೆಸ್ಕ್‌ಟಾಪ್ ಎಂದರೆ ಕಂಟೇನರ್ (ಆ್ಯಪ್ ಮತ್ತು ಅದಕ್ಕೆ ಬೇಕಾದ ಫೈಲುಗಳ ಪೊಟ್ಟಣ) ಓಡಿಸುವ ಸಾಫ್ಟ್‌ವೇರ್. ಕಂಟೇನರಿಗೆ ಸ್ವಂತ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಇಲ್ಲ. ಹಾಗಾಗಿ ವಿಂಡೋಸ್‌ನಲ್ಲಿ ಉಬುಂಟು (ಒಂದು ಬಗೆಯ ಲಿನಕ್ಸ್) ಕಂಟೇನರ್ ಓಡಿಸಲು ಡಾಕರ್ ಡೆಸ್ಕ್‌ಟಾಪ್ ಡಬ್ಲ್ಯೂಎಸ್‌ಎಲ್ 2ರ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಲಿನಕ್ಸ್ ಕರ್ನಲ್ ಎಬ್ಬಿಸುತ್ತದೆ. ಇದಕ್ಕೆ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್) ವರ್ಚುವಲೈಸೇಷನ್ (ಒಂದು ಯಂತ್ರದೊಳಗೆ ಇನ್ನೊಂದನ್ನು ಓಡಿಸುವ ಸೌಲಭ್ಯ) ಆನ್ ಇರಲೇಬೇಕು.

ಕಲಬುರಗಿಯ ಕಾಲೇಜು ಹುಡುಗರ 8 ಜಿಬಿ ಲ್ಯಾಪ್‌ಟಾಪಿಗೆ ನಿಜವಾದ ತಲೆನೋವು ರ‍್ಯಾಮ್. ಹಾಗೇ ಬಿಟ್ಟರೆ ಡಬ್ಲ್ಯೂಎಸ್‌ಎಲ್ ಅದರ ಅರ್ಧದವರೆಗೂ ನುಂಗುತ್ತದೆ. ಯೂಸರ್ ಫೋಲ್ಡರಿನ ಡಬ್ಲ್ಯೂಎಸ್‌ಎಲ್‌ಕಾನ್ಫಿಗ್ ಫೈಲಿನಲ್ಲಿ (.wslconfig, ಹೆಸರಿನ ಮುಂದಿನ ಚುಕ್ಕೆ ಮರೀಬ್ಯಾಡ್ರಿ) ಮೆಮೊರಿ 3 ಜಿಬಿ, ಪ್ರೊಸೆಸರ್ 2 ಎಂದು ಬರೆದು, ಡಬ್ಲ್ಯೂಎಸ್‌ಎಲ್ ಶಟ್‌ಡೌನ್ ಮಾಡಿ ಮತ್ತೆ ಶುರು ಮಾಡಿ. ಮೇ ತಿಂಗಳ ಬಿಸಿಲಿನಲ್ಲಿ ಫ್ಯಾನಿನ ಕೂಗಾಟವೂ ತಗ್ಗುತ್ತದೆ.

ಕೋಡ್ ವಿಂಡೋಸ್‌ನ ಸಿ ಡ್ರೈವಿನಲ್ಲಿದ್ದರೆ ಎನ್‌ಪಿಎಂ ಇನ್‌ಸ್ಟಾಲ್ (ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ಇಳಿಸುವ ಆಜ್ಞೆ) ತೆವಳುತ್ತದೆ. ಕೋಡನ್ನು ಡಬ್ಲ್ಯೂಎಸ್‌ಎಲ್ ಒಳಗಿನ ಲಿನಕ್ಸ್ ಹೋಮ್ ಫೋಲ್ಡರಿಗೆ ಒಯ್ಯಿರಿ. ಹಳೆಯ ಡಾಕರ್ ಡೆಸ್ಕ್‌ಟಾಪ್ ಆವೃತ್ತಿಗಳಲ್ಲಿ ಇಮೇಜ್ (ಕಂಟೇನರ್ ತಯಾರಿಸುವ ಅಚ್ಚು) ಅಳಿಸಿದರೂ ಅವನ್ನು ಇಟ್ಟುಕೊಳ್ಳುವ ವಿಎಚ್‌ಡಿಎಕ್ಸ್ ಎಂಬ ವರ್ಚುವಲ್ ಡಿಸ್ಕ್ ಫೈಲ್ ತಾನಾಗಿ ಕುಗ್ಗುತ್ತಿರಲಿಲ್ಲ. ಸಣ್ಣ ಎಸ್‌ಎಸ್‌ಡಿ ಇದ್ದವರಿಗೆ ಸಿಟ್ಟು ಬರಿಸುತ್ತಿದ್ದದ್ದು ಇದೇ.