ಮನೆಯ ಹಳೆಯ ಸೀರೆಗಳನ್ನು ನಂಬಿ ಕೊಡಬಹುದಾದ ಮೈಸೂರಿನ ಕೌದಿ ಸಂಘ

ಮೈಸೂರಿನ ಕೃಷ್ಣಮೂರ್ತಿಪುರಂನ ಹಳೆಯ ಮನೆಯೊಂದರ ನಡುಮನೆಯಲ್ಲಿ ಹತ್ತು ಹನ್ನೆರಡು ಮಹಿಳೆಯರು ಸೇರಿ ನಡೆಸುತ್ತಿರುವ, ಹಳೆಯ ಬಟ್ಟೆಯ ಪದರಗಳಿಂದ ಕೌದಿ ಎಂಬ ಹೊದಿಕೆ ಹೊಲಿಯುವ ಸಂಘಕ್ಕೆ ನಾಮಫಲಕವಿಲ್ಲ, ಪ್ರಚಾರವೂ ಇಲ್ಲ. ಆದರೂ ಮನೆಯಲ್ಲಿ ಉಳಿದಿರುವ ಹತ್ತಿ ಸೀರೆಗಳಿಂದ ಕೈಹೊಲಿಗೆಯ ಕೌದಿ ಮಾಡಿಸಬೇಕೆಂದು ಕೇಳುವವರಿಗೆ ನಾನು ಮೊದಲು ಹೇಳುವ ಜಾಗ ಇದೇ. ತೀರಿಕೊಂಡ ನಮ್ಮ ತಾಯಿಯ ಸೀರೆಗಳನ್ನು ಇಲ್ಲಿ ಕೊಟ್ಟು ಮಾಡಿಸಿದ ಕೌದಿಯನ್ನು ನಮ್ಮ ಮನೆಯಲ್ಲಿ ದಿನವೂ ಹೊದೆಯುತ್ತಿದ್ದೇವೆ.

ಕೌದಿ ಮುಖ್ಯವಾಗಿ ಉತ್ತರ ಕರ್ನಾಟಕದ ಕಸುಬು. ಅಲ್ಲಿ ಬೇಸಿಗೆಯ ಬಿಡುವಿನಲ್ಲಿ ಮನೆಯ ಹೆಂಗಸರೇ ಕೂತು ಹೊಲಿಯುತ್ತಿದ್ದರು. ದೇವಿಯ ಹಾಡು ಹಾಡುವ ಅಲೆಮಾರಿ ಸಮುದಾಯವಾದ ಗೊಂದಲಿಗರ ಹೆಣ್ಣುಮಕ್ಕಳು ಊರೂರು ಸುತ್ತಿ, ಕೊಟ್ಟ ಬಟ್ಟೆಯಲ್ಲೇ ಹೊಲಿದುಕೊಡುತ್ತಿದ್ದರು. ಈ ಸಂಘದ ಹಿರಿಯರಲ್ಲಿ ಹೆಚ್ಚಿನವರು ಗದಗ, ಬಾಗಲಕೋಟೆ ಕಡೆಯಿಂದ ಗಂಡಂದಿರ ಉದ್ಯೋಗದ ನಿಮಿತ್ತ ಬಂದು ಇಲ್ಲಿಯೇ ನೆಲೆಸಿದವರು. ಅಜ್ಜಿಯರು ಕೌದಿಯಂಥದೇ ಹೊದಿಕೆಯಾದ ಬೊಂತೆ ಹೊಲಿಯುವುದನ್ನು ಕಂಡು ಬೆಳೆದ ಮಂಡ್ಯ, ಪಾಂಡವಪುರ ಕಡೆಯ ಕೆಲವರೂ ಅವರ ಜೊತೆಗೂಡಿದ್ದಾರೆ. ಹೀಗಾಗಿ ಇಲ್ಲಿ ಕೂತರೆ ಎರಡೂ ಸೀಮೆಯ ಮಾತು ಕಿವಿಗೆ ಬೀಳುತ್ತದೆ.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅವರು ಬಟ್ಟೆ ಆರಿಸುವ ಕ್ರಮ. ಕೊಟ್ಟ ಸೀರೆಯನ್ನೆಲ್ಲ ಸುಮ್ಮನೆ ತೆಗೆದುಕೊಳ್ಳುವುದಿಲ್ಲ; ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು, ಎಲ್ಲಿ ನೂಲು ಸವೆದಿದೆ, ಎಲ್ಲಿ ಇನ್ನೂ ಗಟ್ಟಿಯಿದೆ ಎಂದು ನೋಡಿ, ಸವೆದ ಭಾಗವನ್ನು ಒಳಪದರಕ್ಕೂ ಗಟ್ಟಿ ಭಾಗವನ್ನು ಮೇಲ್ಪದರಕ್ಕೂ ವಿಂಗಡಿಸುತ್ತಾರೆ. ಹಲವು ಬಾರಿ ಒಗೆದ ಹತ್ತಿ ಬಟ್ಟೆ ಕುಗ್ಗಬೇಕಾದಷ್ಟು ಕುಗ್ಗಿ, ಬಿಡಬೇಕಾದ ಬಣ್ಣವನ್ನು ಬಿಟ್ಟು ಮೆತ್ತಗಾಗಿರುವುದರಿಂದ ಮುಂದೆ ಒಗೆದಾಗ ಹೊಲಿಗೆ ಸುಕ್ಕುಗಟ್ಟುವುದಿಲ್ಲ. ಗಾರ್ಮೆಂಟ್ಸ್‌ನ ಪಾಲಿಯೆಸ್ಟರ್ ತುಂಡುಗಳು ಅಗ್ಗಕ್ಕೆ ಸಿಕ್ಕರೂ ಬೆವರು ಹೀರುವುದಿಲ್ಲವೆಂದು ಅವನ್ನು ಮುಟ್ಟುವುದಿಲ್ಲ. ನಾನು ಕೂತಿದ್ದಾಗಲೇ ಒಬ್ಬರು ಮೈಸೂರು ಸಿಲ್ಕ್ ಸೀರೆ ತಂದರು. 1912ರಿಂದ ಈ ಊರಿನ ಕಾರ್ಖಾನೆಯಲ್ಲಿ ನೇಯುತ್ತಾ ಬಂದಿರುವ ಆ ಕ್ರೇಪ್ ರೇಷ್ಮೆ ಜಾರುವ ಬಟ್ಟೆಯಾದ್ದರಿಂದ ಪದರಗಳು ಒಂದರ ಮೇಲೊಂದು ನಿಲ್ಲುವುದಿಲ್ಲ, ಸೆರಗಿನ ಜರಿ ಹೊಲಿಗೆಯ ದಾರವನ್ನು ಸವೆಸುತ್ತದೆ ಎಂದು ತಿಳಿಸಿಹೇಳಿ, ಸೀರೆಯನ್ನು ಹಾಗೆಯೇ ಮಡಿಸಿ ಹಿಂದಿರುಗಿಸಿದರು. ಬಂದ ಕೆಲಸವನ್ನು ಹೀಗೆ ಬೇಡವೆನ್ನುವ ಅಂಗಡಿಗಳು ನನಗೆ ಹೆಚ್ಚು ಗೊತ್ತಿಲ್ಲ.

ಕೌದಿಯೊಳಗೆ ಅರಳೆ ತುಂಬುವುದಿಲ್ಲ. ಬಟ್ಟೆಯ ಪದರಗಳೇ ಅದರ ದಪ್ಪ. ಪದರಗಳನ್ನು ನೆಲದ ಮೇಲೆ ಹಾಸಿ, ಅಂಗೈಯಿಂದ ಸವರಿ ಸುಕ್ಕು ತೆಗೆದು, ದೂರ ದೂರ ಕಚ್ಚಾ ಹೊಲಿಗೆ ಹಾಕಿ ಹಿಡಿದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತದೆ. ಒಂದಂಗುಲಕ್ಕೆ ನಾಲ್ಕೈದು ಟಾಕುಗಳಂತೆ, ಬೆರಳಗಲದ ಅಂತರದ ಸಾಲುಗಳಲ್ಲಿ ಹೊಲಿಗೆ ಸಾಗುತ್ತದೆ. ಕೌದಿಯನ್ನು ಪರೀಕ್ಷಿಸಬೇಕಾದವರು ಅದನ್ನು ತಿರುವಿಹಾಕಿ ನೋಡಬೇಕು. ನಮ್ಮ ಕೌದಿಯ ಹಿಂಬದಿಯಲ್ಲಿ ಎಲ್ಲಿಯೂ ಟಾಕು ತಪ್ಪಿಲ್ಲ, ದಾರದ ಗಂಟುಗಳೆಲ್ಲ ಪದರದೊಳಗೆ ಅಡಗಿವೆ. ಆದರೆ ಒಂದು ಮೂಲೆಯ ಹೊಲಿಗೆ ಉಳಿದವಕ್ಕಿಂತ ಸಡಿಲವಾಗಿದ್ದು, ಕಲಿಯುತ್ತಿರುವವರ ಕೈ ಅದೆಂದು ಅವರೇ ತೋರಿಸಿ ಹೇಳಿದರು. ಕೊನೆಯ ಮೂಲೆ ಮುಚ್ಚುವ ಮುನ್ನ ಹಿರಿಯರೊಬ್ಬರು ರೊಟ್ಟಿಯ ಚಿಕ್ಕ ಚೂರನ್ನು ಒಳಗಿಟ್ಟು, ಕೌದಿಯ ಹೊಟ್ಟೆ ಬರಿದಾಗಿರಬಾರದು ಎಂದರು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಸೀಮೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರ ಕವಂದಿಯನ್ನು, ಅಂದರೆ ಅಂಚಿನಿಂದ ಸುತ್ತುತ್ತ ನಡುವಿಗೆ ಹೊಲಿದುಬಂದು ಮೂಲೆಗಳಿಗೆ ಮಡಿಸಿದ ಬಟ್ಟೆಯ ಫುಲ (ಹೂವು) ಕೂರಿಸುವ ಆ ಬಗೆಯನ್ನು, ಇಲ್ಲಿ ಕೇಳುವವರಿದ್ದಾರೆ. ಅದು ಅವರ ಕಸುಬು, ಅವರಿಂದಲೇ ಕೊಳ್ಳಿ ಎಂಬುದು ಸಂಘದ ಉತ್ತರ. ಇದು ಸರಿಯಾದ ನಿಲುವೆಂದು ನಾನೂ ಭಾವಿಸುತ್ತೇನೆ.

ಮಿಕ್ಕ ತುಂಡುಗಳಿಂದ ತೊಟ್ಟಿಲ ಅಳತೆಯ ಪುಟ್ಟ ಕೌದಿಗಳನ್ನು ಹೊಲಿದು, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ಬಾಣಂತಿಯರಿಗೆ ಉಚಿತವಾಗಿ ಕೊಡುತ್ತಾರೆ. ಹಸುಗೂಸಿನ ಮೈಗೆ ಒರಟಾಗಬಾರದೆಂದು ಇವಕ್ಕೆ ಹಳೆಯ ಪಂಚೆಯ ಒಳಬದಿ ಹಾಕುತ್ತಾರೆ. ಶನಿವಾರದ ಮಧ್ಯಾಹ್ನಗಳಲ್ಲಿ ಕಲಿಯಲು ಬಂದವರಿಗೆ ಶುಲ್ಕವಿಲ್ಲ. ಸೂಜಿ, ದಾರವನ್ನು ಸಂಘವೇ ಒದಗಿಸುತ್ತದೆ. ಮನೆಗೆಲಸ ಮುಗಿಸಿ ಬರುವ ಮಹಿಳೆಯರಿಗೆ ಇಲ್ಲಿಯ ಕೂಲಿ ದೊಡ್ಡ ವರಮಾನವೇನೂ ಆಗಲಾರದು, ಆದರೆ ಕೌದಿ ಕೈಸೇರಿದ ದಿನವೇ, ಹೊಲಿದವರ ಎದುರೇ ಹಣ ಹಂಚಿಕೆಯಾಗುವುದನ್ನು ನಾನು ಕಂಡಿದ್ದೇನೆ.

ಕೊರತೆಗಳನ್ನೂ ಹೇಳಬೇಕು. ಇಬ್ಬರು ಹೊದೆಯುವ ಅಳತೆಯ ಕೌದಿಗೆ ನಾವು 3,500 ರೂಪಾಯಿ ಕೊಟ್ಟೆವು. ಕೆಲಸಕ್ಕೆ ಹೋಲಿಸಿದರೆ ಇದು ಕಡಿಮೆಯೇ, ಆದರೆ ದರವನ್ನು ಮೊದಲೇ ಬರೆದುಕೊಡುವ ಪದ್ಧತಿ ಇಲ್ಲದಿರುವುದು ಹೊಸಬರಿಗೆ ಇರಿಸುಮುರಿಸು ತರುತ್ತದೆ. ಹೇಳಿದ ಅವಧಿಗಿಂತ ಬಹಳ ತಡವಾಗಿ ಕೌದಿ ಸಿಕ್ಕಿತು, ವಿಳಂಬದ ಸುದ್ದಿಯನ್ನು ನಾವೇ ವಿಚಾರಿಸಿ ತಿಳಿಯಬೇಕಾಯಿತು. ಒಗೆಯುವ ಕ್ರಮದ ಬಗ್ಗೆ ಒಂದು ಚೀಟಿಯನ್ನಾದರೂ ಇಡಬಹುದಿತ್ತು: ನೆನೆದ ಕೌದಿ ತೀರ ಭಾರವಾಗುವುದರಿಂದ ತಂತಿಗೆ ನೇತುಹಾಕದೆ, ಚಾಪೆಯ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಬೇಕೆಂದು ಕೇಳಿದ ಮೇಲಷ್ಟೇ ಹೇಳಿದರು.

ಮಳೆಗಾಲದಲ್ಲಿ ಒಗೆದ ಸೀರೆಗಳು ಸರಿಯಾಗಿ ಒಣಗದ ಕಾರಣ ಅವರು ಹೊಸ ಕೆಲಸ ಹಿಡಿಯುವುದಿಲ್ಲ. ಧನುರ್ಮಾಸದ ಚಳಿಗೆ ಕೌದಿ ಬೇಕೆನ್ನುವವರು ಯುಗಾದಿ ಕಳೆದ ಕೂಡಲೇ ಸೀರೆಗಳನ್ನು ಗಂಜಿ ಹೋಗುವಂತೆ ಒಗೆದು, ಫಾಲ್ ಬಿಚ್ಚಿ ಒಯ್ದುಕೊಟ್ಟರೆ ಅವರ ಅರ್ಧ ದಿನದ ಕೆಲಸ ಉಳಿಯುತ್ತದೆ.