‘ನಿಮ್ಮ ಊರಿನ ಹೂವಿನಂಗಡಿ’ ಎನ್ನುವ ಜಾಲತಾಣಗಳ ಬಗ್ಗೆ ಎಚ್ಚರ

ದೂರದಲ್ಲಿರುವ ಅಪ್ಪ ಅಮ್ಮನಿಗೋ ಗೆಳೆಯರಿಗೋ ಹೂವು ಕಳಿಸಬೇಕೆಂದು ಮೊಬೈಲಿನಲ್ಲಿ ‘ಮೈಸೂರು ಹೂಗುಚ್ಛ’ ಎಂದು ಹುಡುಕಿ ನೋಡಿ. ಮೊದಲು ಕಾಣಿಸುವುದು ಮೈಸೂರಿನ ಅಂಗಡಿಯಲ್ಲ. ‘ಮೈಸೂರಿನ ಅಚ್ಚುಮೆಚ್ಚಿನ ಹೂವಿನಂಗಡಿ, ಎರಡೇ ಗಂಟೆಯಲ್ಲಿ ಮನೆ ಬಾಗಿಲಿಗೆ’ ಎಂದು ಬರೆದುಕೊಂಡ ಜಾಲತಾಣಗಳ ಸಾಲು. ಮೈಸೂರು ಅಳಿಸಿ ಹಾಸನ ಎಂದು ಹಾಕಿ, ಹುಬ್ಬಳ್ಳಿ ಎಂದು ಹಾಕಿ. ಅದೇ ಪುಟ, ಅದೇ ಕೆಂಪು ಗುಲಾಬಿಯ ಚಿತ್ರ, ಅದೇ ಹೊಗಳಿಕೆ. ಊರಿನ ಹೆಸರು ಮಾತ್ರ ಬೇರೆ. ಇಂಥ ಎಷ್ಟೋ ತಾಣಗಳ ಬಳಿ ಒಂದು ಎಸಳು ಹೂವೂ ಇರುವುದಿಲ್ಲ. ಆರ್ಡರ್ ಹಿಡಿಯುವುದು, ಪೂರ್ತಿ ದುಡ್ಡು ಮೊದಲೇ ಪಡೆಯುವುದು, ತಮ್ಮ ಪಾಲು ಮುರಿದುಕೊಂಡು ಉಳಿದದ್ದಕ್ಕೆ ಆ ಊರಿನ ಯಾವುದೋ ಅಂಗಡಿಗೆ ಕೆಲಸ ದಾಟಿಸುವುದು, ಇಷ್ಟೇ ಅವರ ವ್ಯಾಪಾರ.

ದಲ್ಲಾಳಿತನವೇ ತಪ್ಪೆಂದು ನಾನು ಹೇಳುತ್ತಿಲ್ಲ. ತರಕಾರಿಗೂ ದಲ್ಲಾಳಿ ಇದ್ದಾನೆ, ಮನೆ ಬಾಡಿಗೆಗೂ ಇದ್ದಾನೆ. ಆದರೆ ತರಕಾರಿ ಬಾಡಿದ್ದರೆ ದುಡ್ಡು ಕೊಟ್ಟವರೇ ನೋಡುತ್ತಾರೆ, ಅಲ್ಲೇ ಜಗಳ ತೆಗೆಯುತ್ತಾರೆ. ಉಡುಗೊರೆಯ ಹೂವಿನಲ್ಲಿ ಹಾಗಾಗುವುದಿಲ್ಲ. ದುಡ್ಡು ಕೊಟ್ಟವರು ಹೂವನ್ನು ನೋಡುವುದಿಲ್ಲ; ನೋಡಿದವರು ಸಂಕೋಚಕ್ಕೆ ದೂರುವುದಿಲ್ಲ. ಈ ದಂಧೆ ನಿಂತಿರುವುದೇ ಆ ಸಂಕೋಚದ ಮೇಲೆ.

ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಅಪ್ಪ ಅಮ್ಮನ ಮದುವೆಯಾಗಿ ಐವತ್ತು ವರ್ಷ. ನಾನು ಪುಣೆಯಲ್ಲಿದ್ದೇನೆ, ರಜೆ ಸಿಗಲಿಲ್ಲ. ಕುವೆಂಪುನಗರದ ಮನೆಯಲ್ಲಿ ಬೆಳಿಗ್ಗೆ ಹತ್ತೂವರೆಗೆ ಸತ್ಯನಾರಾಯಣ ಪೂಜೆ, ಹತ್ತಿರದ ನೆಂಟರಿಗೆ ಊಟ. ಅವರ ಮದುವೆಯ ಹಾರ ಸುಗಂಧರಾಜದ್ದು ಎಂದು ಅಮ್ಮ ಆಗಾಗ ಹೇಳುತ್ತಿರುತ್ತಾರೆ. ಹಾಗಾಗಿ ಸುಗಂಧರಾಜ ಮತ್ತು ಕೆಂಪು ಗುಲಾಬಿ ತುಂಬಿದ ಬೆತ್ತದ ಬುಟ್ಟಿಯೊಂದನ್ನು ಆರಿಸಿದೆ. ಬೆಲೆ 2,349 ರೂಪಾಯಿ. ಒಂಬತ್ತರಿಂದ ಹನ್ನೊಂದರೊಳಗೆ ತಲುಪಿಸಲು 199. ದುಡ್ಡು ಕಟ್ಟುವ ಪುಟಕ್ಕೆ ಬಂದಾಗ ನಾನು ಕೇಳದ ಶುಭಾಶಯ ಪತ್ರಕ್ಕೆ 49, ಯಾವುದೋ ದಾನಕ್ಕೆ 10, ‘ಅನುಕೂಲ ಶುಲ್ಕ’ ಎಂದು 39 ಸೇರಿಕೊಂಡಿದ್ದವು. ಯಾರ ಅನುಕೂಲವೋ! ಮೇಲೆ ಕೆಂಪಕ್ಷರದಲ್ಲಿ ‘ಇನ್ನು ಎರಡೇ ಬುಟ್ಟಿ ಉಳಿದಿವೆ’ ಎಂಬ ಸಾಲು ಮಿನುಗುತ್ತಿತ್ತು. ಆರ್ಡರ್ ಬಂದ ಮೇಲೆ ಕಟ್ಟುವ ಬುಟ್ಟಿ ಎರಡೇ ಉಳಿಯುವುದು ಹೇಗೆ?

ಹೀಗೆ ಕೇಳದ ವಸ್ತುವನ್ನು ಬುಟ್ಟಿಗೆ ತುರುಕುವುದು, ಕೊನೆಯ ಪುಟದಲ್ಲಿ ಬೆಲೆ ಏರಿಸುವುದು, ಸುಳ್ಳು ಅವಸರ ಹುಟ್ಟಿಸುವುದು ಇವೆಲ್ಲ ವ್ಯಾಪಾರದ ಜಾಣತನವೆಂದು ಸುಮ್ಮನಿರಬೇಕಾಗಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಈ ಮೂರೂ ಅದರಲ್ಲಿವೆ.

ಹನ್ನೊಂದು ಗಂಟೆಗೆ ‘ನಿಮ್ಮ ಹೂವು ಸಿದ್ಧವಾಗುತ್ತಿದೆ’ ಎಂಬ ಸಂದೇಶ ಬಂತು. ಪೂಜೆ ಮುಗಿಯಿತು, ಊಟ ಮುಗಿಯಿತು, ನೆಂಟರು ಎಲೆ ಅಡಿಕೆ ಹಾಕಿಕೊಂಡು ಹೊರಟರು. ಹೂವು ಬಂದದ್ದು ರಾತ್ರಿ ಎಂಟರ ಮೇಲೆ. ಅಮ್ಮ ಫೋನಿನಲ್ಲಿ, “ತುಂಬಾ ಚೆನ್ನಾಗಿದೆ ಕಣೇ, ಯಾಕೆ ಸುಮ್ಮನೆ ಇಷ್ಟೊಂದು ಖರ್ಚು ಮಾಡಿದೆ?” ಎಂದರು. ಇಷ್ಟಕ್ಕೇ ಮುಗಿದಿದ್ದರೆ ನಾನೂ ಐದು ನಕ್ಷತ್ರ ಕೊಟ್ಟು ಮರೆಯುತ್ತಿದ್ದೆನೇನೋ. ಆದರೆ ಅಪ್ಪನಿಗೆ ಮುಚ್ಚಿಟ್ಟು ಮಾತಾಡಿ ಅಭ್ಯಾಸವಿಲ್ಲ. ಬುಟ್ಟಿಯನ್ನು ಟ್ಯೂಬ್‌ಲೈಟಿನ ಕೆಳಗಿಟ್ಟು ನಾಲ್ಕು ದಿಕ್ಕಿನಿಂದ ಫೋಟೋ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳಿಸಿದರು.

ಬುಟ್ಟಿ ಬೆತ್ತದ್ದಲ್ಲ, ಪ್ಲಾಸ್ಟಿಕ್ಕಿನದು. ಸುಗಂಧರಾಜದ ಒಂದು ಕಡ್ಡಿಯೂ ಇಲ್ಲ. ಅದರ ಜಾಗದಲ್ಲಿ ಹಳದಿ, ಗುಲಾಬಿ ಬಣ್ಣದ ಜರ್ಬೆರಾ, ಕತ್ತು ಬಗ್ಗಿಸಿಕೊಂಡು ನಿಂತಿದ್ದವು. ಗುಲಾಬಿಗಳು ಮೊಗ್ಗಿನಷ್ಟೇ ಸಣ್ಣವು. ಅಪ್ಪ ಒಂದನ್ನು ಕಿತ್ತು ತೊಟ್ಟಿನ ಕಡೆಯಿಂದ ಫೋಟೋ ತೆಗೆದಿದ್ದರು. ಹೊರಗಿನ ಎಸಳುಗಳನ್ನು ಒಂದು ಸುತ್ತು ಕಿತ್ತು ಹಾಕಿದ ಗುರುತು ಹಸಿರು ಪುಷ್ಪಪತ್ರಗಳ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಅರಳಿ ಅಂಚು ಕಪ್ಪಾದ ಹಳೆಯ ಹೂವಿನ ಹೊರ ಎಸಳು ಕಿತ್ತರೆ ಒಳಗಿನದು ಎಳೆಯ ಮೊಗ್ಗಿನಂತೆಯೇ ಕಾಣುತ್ತದೆ. ಕಡ್ಡಿಗಳನ್ನು ಚುಚ್ಚಿದ್ದ ಹಸಿರು ಸ್ಪಂಜನ್ನು ಒತ್ತಿದರೆ ಮೇಲೆ ಒದ್ದೆ, ಒಳಗೆ ಪುಡಿಪುಡಿ ಒಣಗು. ಜೊತೆಗಿದ್ದ ಪತ್ರದಲ್ಲಿ ‘ಹ್ಯಾಪಿ ಬರ್ತ್‌ಡೇ’.

ತಂದುಕೊಟ್ಟ ಹುಡುಗನ ಬಳಿ ಅಪ್ಪ ಅಂಗಡಿಯ ಫೋನ್ ನಂಬರು ಕೇಳಿ ಇಟ್ಟುಕೊಂಡಿದ್ದರು. ಮಾರನೆಯ ಬೆಳಿಗ್ಗೆ ಜಗಳಕ್ಕೆಂದೇ ಫೋನು ಮಾಡಿದೆ. ಆ ಮನುಷ್ಯ ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡು, “ನೀವು ಎಷ್ಟು ಕೊಟ್ಟಿರಿ, ಮೇಡಂ?” ಎಂದರು. ಹೇಳಿದೆ. “ನನಗೆ ಬಂದಿರುವುದು ಒಂಬೈನೂರರ ಆರ್ಡರ್. ಬುಟ್ಟಿ, ಸ್ಪಂಜು, ಹುಡುಗನ ಪೆಟ್ರೋಲು ಎಲ್ಲ ಅದರಲ್ಲೇ. ಅದೂ ಸಂಜೆ ಐದಕ್ಕೆ ಬಂತು. ಬೆಳಿಗ್ಗೆ ಬೇರೆ ಯಾರಿಗೋ ಹೋಗಿದೆ, ಅವರು ಆಗುವುದಿಲ್ಲ ಎಂದಿದ್ದಾರೆ. ಸಂಜೆ ಸುಗಂಧರಾಜ ಎಲ್ಲಿಂದ ತರಲಿ?”

ಎಸಳು ಕಿತ್ತದ್ದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಅದನ್ನು ನಾನು ಮನ್ನಿಸುವುದೂ ಇಲ್ಲ. ಆದರೆ ಲೆಕ್ಕ ಅರ್ಥವಾಯಿತು. ನಾನು ಒಟ್ಟು ಕಟ್ಟಿದ್ದು 2,646 ರೂಪಾಯಿ. ಅದರಲ್ಲಿ ಹೂವು ಕಟ್ಟಿದವರ ಕೈಗೆ ಬಂದದ್ದು ಮೂರರಲ್ಲಿ ಒಂದು ಪಾಲು. ಎರಡು ಸಾವಿರದ ಚಿತ್ರ ತೋರಿಸಿ ಒಂಬೈನೂರಕ್ಕೆ ಮಾಡು ಎಂದರೆ ಒಂಬೈನೂರರ ಹೂವೇ ಬರುತ್ತದೆ. ಮರ್ಯಾದಸ್ಥ ಅಂಗಡಿಯವರು ಅಂಥ ಆರ್ಡರ್ ಒಪ್ಪುವುದೇ ಇಲ್ಲ. ಒಬ್ಬರಿಂದ ಒಬ್ಬರಿಗೆ ಜಾರುತ್ತಾ ಕೊನೆಗೆ ಹಿಂದಿನ ದಿನದ ಹೂವು ಉಳಿಸಿಕೊಂಡವರ ಕೈಗೆ ಬೀಳುತ್ತದೆ. ತಡವಾದದ್ದೂ ಅದಕ್ಕೇ.

ಇನ್ನು ಗ್ರಾಹಕ ಸೇವೆಯ ಕಥೆ. ಪುಟದಲ್ಲಿ ಮೈಸೂರಿನ ವಿಳಾಸವಿಲ್ಲ, 0821 ಎಂದು ಶುರುವಾಗುವ ನಂಬರಿಲ್ಲ. ಇದ್ದದ್ದು ಚಾಟ್ ಪೆಟ್ಟಿಗೆ ಮಾತ್ರ. ಅಲ್ಲಿಂದ ಬಂದ ಉತ್ತರ: ‘ಹೂವು ಋತುಮಾನಕ್ಕೆ ತಕ್ಕಂತೆ ಬದಲಾಗಬಹುದು ಎಂದು ನಿಯಮಗಳಲ್ಲಿ ತಿಳಿಸಲಾಗಿದೆ.’ ನಿಯಮದ ಪುಟದಲ್ಲಿ ಆ ಸಾಲು ಇತ್ತು, ನಿಜ. ಹಾಗೆಂದು ಬೆಳಿಗ್ಗೆಯನ್ನು ರಾತ್ರಿ ಮಾಡಬಹುದು, ಬೆತ್ತವನ್ನು ಪ್ಲಾಸ್ಟಿಕ್ ಮಾಡಬಹುದು ಎಂದು ಎಲ್ಲಿಯೂ ಬರೆದಿರಲಿಲ್ಲ. ಮುಂದಿನ ಖರೀದಿಗೆ ಶೇ 20 ರಿಯಾಯಿತಿಯ ಕೂಪನ್ ಕೊಡುತ್ತೇವೆ ಎಂದರು. ಮುಂದಿನ ಖರೀದಿ!

ಬಿಲ್ ತರಿಸಿಕೊಂಡು ನೋಡಿದರೆ ಜಿಎಸ್‌ಟಿ ಸಂಖ್ಯೆ 06ರಿಂದ ಶುರುವಾಗುತ್ತಿತ್ತು. ಆ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ ಗುರುತು: ಕರ್ನಾಟಕಕ್ಕೆ 29, ದೆಹಲಿಗೆ 07, ಹರಿಯಾಣಕ್ಕೆ 06. ‘ಮೈಸೂರಿನ ಅಚ್ಚುಮೆಚ್ಚಿನ ಅಂಗಡಿ’ ಹರಿಯಾಣದ್ದು. ನಮ್ಮೂರಿನ ಸಣ್ಣ ಹೂವಿನಂಗಡಿಗೆ ಜಿಎಸ್‌ಟಿ ಸಂಖ್ಯೆಯೇ ಇಲ್ಲದಿರಬಹುದು, ಅದು ಅನುಮಾನಪಡುವ ವಿಷಯವಲ್ಲ. ಸಂಖ್ಯೆ ಕೊಟ್ಟು, ಊರಿನ ಬಗ್ಗೆ ಸುಳ್ಳು ಹೇಳುವುದು ಅನುಮಾನದ ವಿಷಯ.

ಗ್ರಾಹಕ ರಕ್ಷಣೆ (ಇ-ವಾಣಿಜ್ಯ) ನಿಯಮಗಳು 2020ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ಜಾಲತಾಣದವರು ತಮ್ಮ ಕಾನೂನುಬದ್ಧ ಹೆಸರು, ಮುಖ್ಯ ಕಚೇರಿಯ ವಿಳಾಸ, ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಪ್ರಕಟಿಸಲೇಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಬೇರೆಯವರ ಸರಕನ್ನು ಮಾರುವ ತಾಣವಾದರೆ ಆ ಮಾರಾಟಗಾರ ಯಾರು, ಎಲ್ಲಿಯವನು ಎಂಬುದನ್ನೂ ತೋರಿಸಬೇಕು. ಈ ಸಾಲುಗಳನ್ನೇ ಬರೆದು ಅವರಿಗೆ ಇಮೇಲ್ ಮಾಡಿದೆ, ಜೊತೆಗೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದೆ. ಅಲ್ಲಿಯವರೆಗೆ ಕೂಪನ್ ಬಿಟ್ಟು ಬೇರೆ ಮಾತಾಡದವರು ಆಮೇಲೆ ಬುಟ್ಟಿಯ ಬೆಲೆ ಹಿಂದಿರುಗಿಸಿದರು. 199 ಮಾತ್ರ ಬರಲಿಲ್ಲ; ಹೂವು ‘ತಲುಪಿದೆ’ಯಂತೆ.

ಸಾವಿನ ಮನೆಗೆ ಕಳಿಸುವವರಿಗಂತೂ ಕೈಮುಗಿದು ಹೇಳುತ್ತೇನೆ, ಈ ತಾಣಗಳ ಕಡೆ ಹೋಗಲೇಬೇಡಿ. ನಮ್ಮಲ್ಲಿ ಸಾಮಾನ್ಯವಾಗಿ ಅದೇ ದಿನ, ಹೆಚ್ಚೆಂದರೆ ಮಾರನೆಯ ದಿನ ಅಂತ್ಯಕ್ರಿಯೆ ಮುಗಿಸುತ್ತೇವೆ. ಅವರ ‘ಅದೇ ದಿನ ವಿತರಣೆ’ ಎಂದರೆ ರಾತ್ರಿ ಹನ್ನೆರಡರವರೆಗೆ. ನನ್ನ ಸಹೋದ್ಯೋಗಿಯೊಬ್ಬರು ಬೆಂಗಳೂರಿನ ಗೆಳೆಯನ ತಂದೆಗೆಂದು ಕಳಿಸಿದ ಪುಷ್ಪಚಕ್ರ, ಮನೆಯವರು ಸ್ಮಶಾನದಿಂದ ಬಂದು ಸ್ನಾನ ಮಾಡುತ್ತಿದ್ದಾಗ ತಲುಪಿತು, ಹೊಳೆಯುವ ಕಾಗದ ಮತ್ತು ರಿಬ್ಬನ್ ಸಮೇತ. ಆ ಊರಿನಲ್ಲಿ ಗುರುತಿನವರು ಯಾರಾದರೂ ಇದ್ದೇ ಇರುತ್ತಾರೆ. ಅವರಿಗೆ ದುಡ್ಡು ಹಾಕಿ, ಒಂದು ಸೇವಂತಿಗೆ ಹಾರ ಕೊಂಡುಹೋಗಿ ನಮ್ಮ ಹೆಸರಿನಲ್ಲಿ ಹಾಕಿ ಎಂದರೆ ಯಾರೂ ಇಲ್ಲವೆನ್ನುವುದಿಲ್ಲ.

ಹಬ್ಬದ ಹೂವಿನ ಮೋಸ ಬೇರೆ ಬಗೆಯದು. ಆಷಾಢದಲ್ಲಿ ಕೇಳುವವರಿಲ್ಲದ ಹೂವು ಶ್ರಾವಣದಲ್ಲಿ, ಅದರಲ್ಲೂ ವರಮಹಾಲಕ್ಷ್ಮಿಯ ಹಿಂದಿನ ದಿನ, ಮುಟ್ಟಿದರೆ ಸುಡುವ ಬೆಲೆಗೆ ಏರುತ್ತದೆ. ಕೆ.ಆರ್. ಮಾರುಕಟ್ಟೆಯ ಕನಕಾಂಬರದ ದರ ಆ ದಿನ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಜಾಲತಾಣದ ಬೆಲೆ ಮಾತ್ರ ಹದಿನೈದು ದಿನ ಮೊದಲೇ ನಿಗದಿ. ಹಾಗಿದ್ದರೆ ಕಡಿಮೆಯಾಗುವುದು ಯಾವುದು? ಹೂವು. ಆ ಪುಟಗಳಲ್ಲಿ ಎಷ್ಟು ಮಾರು, ಎಷ್ಟು ಮೊಳ ಎಂದು ಬರೆದಿರುವುದಿಲ್ಲ. ‘ಒಂದು ಪ್ಯಾಕ್’ ಎಂದಿರುತ್ತದೆ. ಉಡುಪಿಯ ಶಂಕರಪುರ ಮಲ್ಲಿಗೆಗೆ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕವಿದೆ, ಅಟ್ಟೆಯ ದರ ದಿನದಿನವೂ ಗೊತ್ತಾಗುತ್ತದೆ. ಅಳತೆ ಹೇಳದೆ ‘ಅಪ್ಪಟ ಉಡುಪಿ ಮಲ್ಲಿಗೆ’ ಎಂದು ಡಬ್ಬಿ ಮಾರುವವರಿಂದ ಕೊಳ್ಳಬೇಡಿ. ಮೊಗ್ಗಾಗಿದ್ದಾಗಲೇ ಕಟ್ಟಿ ಸಂಜೆಗೆ ಮುಡಿಯಬೇಕಾದ ಹೂವು ಡಬ್ಬಿಯಲ್ಲಿ ಊರೂರು ಸುತ್ತಿ ಬಂದರೆ ಕಂದು ಬಣ್ಣಕ್ಕೆ ತಿರುಗಿರುತ್ತದೆ.

ಹಣ್ಣಿನ ಬುಟ್ಟಿಯ ಜೊತೆ ಹೂವನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುವುದು ಈಗಿನ ಇನ್ನೊಂದು ಖಯಾಲಿ. ಬಾಳೆ, ಸೇಬು ಮಾಗುವಾಗ ಎಥಿಲೀನ್ ಅನಿಲ ಬಿಡುತ್ತವೆ. ಕಾರ್ನೇಷನ್ನಿನಂಥ ಹೂವು ಅದಕ್ಕೆ ಬೇಗ ಮುದುಡಿಕೊಳ್ಳುತ್ತದೆ. ಕಳಿಸಲೇಬೇಕಿದ್ದರೆ ಬೇರೆಬೇರೆಯಾಗಿ ಕಳಿಸಿ.

ಈಗ ನಾನು ಮಾಡುವುದು ಇಷ್ಟು. ಅಪ್ಪ ದೇವರಾಜ ಮಾರುಕಟ್ಟೆಯಲ್ಲಿ ಹೂವು ಕೊಳ್ಳುವ ಕಡೆಯಿಂದಲೇ ಒಬ್ಬರ ನಂಬರು ತರಿಸಿಕೊಂಡೆ. ಬೇಕಾದ ದಿನಕ್ಕೆ ಎರಡು ದಿನ ಮೊದಲು ಫೋನು ಮಾಡಿ, ಚಿತ್ರ ಕಳಿಸುವ ಬದಲು ಬಜೆಟ್ ಹೇಳಿ, ಆ ದಿನ ಯಾವ ಹೂವು ಚೆನ್ನಾಗಿರುತ್ತದೆ ಎಂದು ಕೇಳುತ್ತೇನೆ. “ಸುಗಂಧರಾಜ ಈ ವಾರ ಸುಮಾರಾಗಿದೆ, ಬೇಡ ಬಿಡಿ” ಎನ್ನುವ ಮಾತು ಯಾವ ಜಾಲತಾಣದಿಂದಲೂ ಬರುವುದಿಲ್ಲ. ಅರ್ಧ ದುಡ್ಡು ಮೊದಲು, ಉಳಿದರ್ಧ ಹೊರಡುವ ಮುನ್ನ ಫೋಟೋ ಬಂದ ಮೇಲೆ. ಗುಲಾಬಿ ಇದ್ದರೆ ಒಂದೆರಡು ಹೂವಿನ ಬುಡ ಹಿಸುಕಿ ನೋಡಲು ಮನೆಯವರಿಗೆ ಹೇಳಿ: ಗಟ್ಟಿಯಾಗಿದ್ದರೆ ಹೊಸದು, ಮೆತ್ತಗಿದ್ದರೆ ಹಳೆಯದು. ಹೊರಗಿನ ಎಸಳು ಒಂದಿಷ್ಟು ಒರಟಾಗಿ, ಹಸಿರು ಮಿಶ್ರಿತವಾಗಿದ್ದರೆ ಗಾಬರಿಯಾಗಬೇಡಿ. ಅದು ಯಾರೂ ಸುಲಿಯದ ಹೂವು. ಜರ್ಬೆರಾದ ಕಡ್ಡಿಗೆ ಪ್ಲಾಸ್ಟಿಕ್ ಕೊಳವೆ ಹಾಕಿದ್ದರೂ ಮೋಸವಲ್ಲ, ಅದರ ಕಡ್ಡಿಯೇ ಟೊಳ್ಳು. ಸ್ಪಂಜನ್ನು ನೀರಿನ ಮೇಲೆ ಬಿಟ್ಟು ತಾನಾಗಿ ಮುಳುಗಲು ಬಿಡಬೇಕು. ಅವಸರಕ್ಕೆ ಒತ್ತಿ ಮುಳುಗಿಸಿದರೆ ಒಳಗೆ ಗಾಳಿ ಉಳಿದು, ಚುಚ್ಚಿದ ಕಡ್ಡಿಗೆ ನೀರು ಸಿಗುವುದಿಲ್ಲ. ನಮ್ಮ ಬುಟ್ಟಿಯಲ್ಲಿ ಆಗಿದ್ದೂ ಅದೇ.

ಗುರುತಿನ ಅಂಗಡಿಯೇ ಇಲ್ಲದ ಊರಾದರೆ ನಕ್ಷೆಯಲ್ಲಿ ಹುಡುಕಿ, ಅಂಗಡಿಯ ಬೋರ್ಡು ಕಾಣುವ ಫೋಟೋ ಇದೆಯೇ ನೋಡಿ, ನೇರ ಫೋನು ಮಾಡಿ, ಹತ್ತಿರದ ವೃತ್ತದ ಹೆಸರು ಕೇಳಿ. ಕನ್ನಡದಲ್ಲಿ ಮಾತಾಡಿ ದಾರಿ ಹೇಳುವವರು ಅಲ್ಲೇ ಇರುವವರು.

ಈಗಾಗಲೇ ದುಡ್ಡು ಕಟ್ಟಿ ಹಾಳು ಹೂವು ಪಡೆದವರಿದ್ದರೆ ಬುಟ್ಟಿಯನ್ನು ಎಸೆಯುವ ಮೊದಲು ಫೋಟೋ ತೆಗೆಸಿ, ಜಾಲತಾಣದ ಪುಟದ ಚಿತ್ರವನ್ನೂ ಉಳಿಸಿಕೊಳ್ಳಿ, ಆಮೇಲೆ ಆ ಪುಟ ಬದಲಾಗಿರುತ್ತದೆ. ಕೂಪನ್ ಒಪ್ಪಿಕೊಳ್ಳಬೇಡಿ, ಒಪ್ಪಿದರೆ ‘ದೂರು ಬಗೆಹರಿದಿದೆ’ ಎಂದು ಮುಚ್ಚಿಬಿಡುತ್ತಾರೆ. ಅವರ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಕರೆ ಮಾಡಬೇಡಿ, ಗ್ರಾಹಕ ಸೇವೆಯ ಹೆಸರಿನಲ್ಲಿ ಒಟಿಪಿ ಕೇಳುವ ಕಳ್ಳರು ಅಲ್ಲೇ ಕಾದಿರುತ್ತಾರೆ. ಹೂವೂ ಬರಲಿಲ್ಲ, ಜಾಲತಾಣವೂ ಮಾಯವಾಯಿತು ಎಂದಾದರೆ ಅದು ಸೈಬರ್ ವಂಚನೆ, ತಡಮಾಡದೆ 1930ಕ್ಕೆ ಕರೆ ಮಾಡಿ. ಉಳಿದವರಿಗೆ 1915. ಅದರಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಮನೆಯಿಂದಲೇ ಆನ್‌ಲೈನ್ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.