ಕೆಚ್ಚಲು ಬಾವಿನ ಚಿಕಿತ್ಸೆಯ ನಂತರ ಹಾಲು ಪರೀಕ್ಷಿಸುವ ಸ್ಟ್ರಿಪ್: ಕೊಳ್ಳಬಹುದೇ?

ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಕೊಡಿಸಿದ ಹಸುವಿನ ಹಾಲಿನಲ್ಲಿ ಔಷಧಿ ಇನ್ನೂ ಉಳಿದಿದೆಯೇ ಎಂದು ಕೊಟ್ಟಿಗೆಯಲ್ಲೇ ನೋಡಿಕೊಳ್ಳಲು ಈಗ ಸ್ಟ್ರಿಪ್‌ಗಳು ಸಿಗುತ್ತವೆ. ನಾನು ಬಳಸುತ್ತಿರುವುದು ಪೆನಿಸಿಲಿನ್, ಸೆಫಲೋಸ್ಪೊರಿನ್‌ಗಳ ಬೀಟಾ-ಲ್ಯಾಕ್ಟಮ್ ಗುಂಪನ್ನೂ ಟೆಟ್ರಾಸೈಕ್ಲಿನ್ ಗುಂಪನ್ನೂ ಒಟ್ಟಿಗೆ ಪತ್ತೆ ಮಾಡುವ ಬಗೆಯದು.

ಬಳಕೆ ಸುಲಭವಾಗಿದೆ. ಪುಟ್ಟ ಕುಳಿಯಲ್ಲಿರುವ ಒಣ ಪುಡಿಗೆ ಪಿಪೆಟ್‌ನಿಂದ ಹಾಲು ಹಾಕಿ, ಗುಲಾಬಿ ಬಣ್ಣ ಒಂದೇ ಸಮನಾಗುವವರೆಗೆ ಕಲಸಿ, ಕೆಲವು ನಿಮಿಷ ಬಿಟ್ಟು ಸ್ಟ್ರಿಪ್ ಅದ್ದಬೇಕು. ಎಡವುವುದು ಫಲಿತಾಂಶ ಓದುವಾಗ. ಕೋವಿಡ್ ಕಿಟ್ ನೋಡಿ ಅಭ್ಯಾಸವಾದವರು ಗೆರೆ ಮೂಡಿದರೆ ದೋಷವಿದೆ ಎಂದುಕೊಳ್ಳುತ್ತಾರೆ. ಇಲ್ಲಿ ಅದು ತಿರುಗಾಮುರುಗಾ. ಪರೀಕ್ಷೆಯ ಗೆರೆ ಹೋಲಿಸಿ ನೋಡಲೆಂದೇ ಇರುವ ಕಂಟ್ರೋಲ್ ಗೆರೆಗಿಂತ ದಟ್ಟವಾಗಿದ್ದರೆ ಆ ಗುಂಪಿನ ಔಷಧಿ ಪತ್ತೆಯಾಗಿಲ್ಲ ಎಂದರ್ಥ. ಗೆರೆ ಮಸುಕಾದರೆ ಅಥವಾ ಮೂಡದೇ ಹೋದರೆ ಔಷಧಿ ಇದೆ ಎಂದರ್ಥ. ಇಷ್ಟು ಮುಖ್ಯವಾದ ಸಂಗತಿಯನ್ನು ಕೈಪಿಡಿಯಲ್ಲಿ ಇಂಗ್ಲಿಷಿನಲ್ಲಿ ಮಾತ್ರ, ಅದೂ ಸಣ್ಣ ಅಕ್ಷರದಲ್ಲಿ ಮುದ್ರಿಸಿರುವುದು ಸರಿಯಲ್ಲ.

ಸ್ಟ್ರಿಪ್ ತಾನು ಗುರುತಿಸಬಲ್ಲ ಗುಂಪುಗಳ ವಿಷಯದಲ್ಲಿ ನಂಬಿಕೆಗೆ ಅರ್ಹವಾಗಿದೆ, ಆದರೆ ಅದರಾಚೆ ಏನನ್ನೂ ಹೇಳುವುದಿಲ್ಲ. ವೈದ್ಯರು ಜೆಂಟಮೈಸಿನ್ ಅಥವಾ ಎನ್ರೋಫ್ಲಾಕ್ಸಸಿನ್ ಚುಚ್ಚುಮದ್ದು ಕೊಟ್ಟಿದ್ದರೆ, ಹಾಲಿನ ತುಂಬ ಅದೇ ಇದ್ದರೂ ಈ ಸ್ಟ್ರಿಪ್ ಸ್ವಚ್ಛವೆಂದೇ ತೋರಿಸೀತು. ಆದ್ದರಿಂದ ಯಾವ ಔಷಧಿ, ಕೊನೆಯ ಡೋಸ್ ಯಾವ ಹೊತ್ತಿನಲ್ಲಿ ಎಂಬುದನ್ನು ಬರೆದಿಟ್ಟುಕೊಳ್ಳದವರಿಗೆ ಇದರಿಂದ ಪ್ರಯೋಜನ ಕಡಿಮೆ.

ಹಾಲು ಬಳಸಬಾರದ ಅವಧಿಯನ್ನು ಎಣಿಸಬೇಕಾದದ್ದು ಚಿಕಿತ್ಸೆ ಶುರುವಾದ ದಿನದಿಂದಲ್ಲ, ಕೊನೆಯ ಡೋಸ್‌ನಿಂದ. ಲೇಬಲ್‌ನಲ್ಲಿ 72 ಗಂಟೆ ಎಂದಿದ್ದರೆ ಎರಡು ಹೊತ್ತು ಕರೆಯುವ ಹಸುವಿನಲ್ಲಿ ಆರು ಹೊತ್ತಿನ ಹಾಲನ್ನು ಬಿಡಬೇಕು. ನಿಗದಿತ ಅವಧಿಯನ್ನು ಅಧ್ಯಯನದಿಂದ ಖಚಿತಪಡಿಸಿರದ ಔಷಧಿಗಳಿಗೆ 2012ರಲ್ಲಿ ತಿದ್ದುಪಡಿಯಾದ ಔಷಧ ನಿಯಮಗಳು ಹಾಲಿಗೆ ಕನಿಷ್ಠ 7 ದಿನ ಎಂದು ಹೇಳುತ್ತವೆ. ಬಾವು ಬಂದದ್ದು ಒಂದೇ ತೊಟ್ಟಿಗೆ, ತೊಟ್ಟಿನೊಳಗೆ ಬಿಡುವ ಔಷಧಿಯ ಟ್ಯೂಬ್ ಹಾಕಿದ್ದೂ ಅದಕ್ಕೇ ಎಂದು ಉಳಿದ ಮೂರರ ಹಾಲನ್ನು ಕ್ಯಾನಿಗೆ ಸುರಿಯುವ ವಾಡಿಕೆ ಇದೆ. ಔಷಧಿ ರಕ್ತದ ಮೂಲಕ ಅವುಗಳಿಗೂ ಹೋಗುವುದರಿಂದ ನಾಲ್ಕರ ಹಾಲನ್ನೂ ಬಿಡಬೇಕು. ಟ್ಯೂಬಿನ ಜೊತೆ ಚುಚ್ಚುಮದ್ದನ್ನೂ ಕೊಟ್ಟಿದ್ದರೆ, ಡೋಸ್ ಹೆಚ್ಚಿಸಿದ್ದರೆ ಅವಧಿಯನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಕೆಚ್ಚಲು ಬಾವು ಇದೆಯೇ ಎಂದು ನೋಡುವ ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್) ದ್ರಾವಣವನ್ನು ಈ ಸ್ಟ್ರಿಪ್‌ಗೆ ಬದಲಿಯಾಗಿ ಬಳಸುವವರೂ ಇದ್ದಾರೆ. ನಾಲ್ಕು ಕುಳಿಗಳ ತಟ್ಟೆಯಲ್ಲಿ ಹಾಲು ಲೋಳೆಯಾಗದಿದ್ದರೆ ಬಾವು ಬಂದಾಗ ಹಾಲಿನಲ್ಲಿ ಹೆಚ್ಚುವ ಕೋಶಗಳು ಹೆಚ್ಚಿಲ್ಲ ಎಂದಷ್ಟೇ ತಿಳಿಯುತ್ತದೆ. ಔಷಧಿಯ ಸುಳಿವು ಅದರಿಂದ ಸಿಗುವುದಿಲ್ಲ. ಗರಣೆ ನಿಂತು ಹಾಲು ನೋಡಲು ಚೆನ್ನಾಗಿದ್ದರೂ ಅಷ್ಟೇ. ಕಾಯಿಸಿದರೆ ಹೋಗುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ: ಪೆನಿಸಿಲಿನ್‌ಗೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಿತಿ ಲೀಟರಿಗೆ 4 ಮೈಕ್ರೋಗ್ರಾಂ ಮಾತ್ರ, ಮನೆಯ ಒಲೆಯಲ್ಲಿ ಅದನ್ನು ಅಷ್ಟಕ್ಕೆ ಇಳಿಸಲಾಗದು. ಬಿಟ್ಟ ಹಾಲನ್ನು ಕರುವಿಗೆ ಕುಡಿಸುವುದೂ ಬೇಡ, ಔಷಧಿಗೆ ಬಗ್ಗದ ಸೂಕ್ಷ್ಮಾಣುಗಳು ಅದರ ಹೊಟ್ಟೆಯಲ್ಲಿ ಬೆಳೆಯಲು ದಾರಿಯಾಗುತ್ತದೆ.

ಒಂದೆರಡು ಹಸು ಇರುವವರು ಅವಧಿ ಸರಿಯಾಗಿ ಎಣಿಸಿದರೆ ಸಾಕು; ಸ್ಟ್ರಿಪ್‌ಗಳ ಡಬ್ಬಿ ಫ್ರಿಜ್‌ನಲ್ಲಿಡಬೇಕು, ತೇವ ತಾಗಬಾರದು, ಬಳಸುವಷ್ಟರಲ್ಲಿ ದಿನಾಂಕ ಮುಗಿದಿರುತ್ತದೆ. ಹತ್ತಾರು ಹಸು ಸಾಕುವವರು, ಇಲ್ಲವೇ ಊರಿನ ಹಾಲು ಸಂಘ ಒಟ್ಟಾಗಿ ಕೊಂಡರೆ ಹಣಕ್ಕೆ ಮೋಸವಿಲ್ಲ. ಆಗಲೂ ಅದನ್ನು ಅವಧಿ ಮುಗಿದ ಮೇಲಿನ ಮೊದಲ ಹಾಲಿಗೆ ಬಳಸಬೇಕೇ ಹೊರತು, ಅವಧಿಯನ್ನು ಮೊಟಕುಗೊಳಿಸಲು ಅಲ್ಲ.